ನಿಲ್ಲದ ಬಾಳು, ನಿಲ್ಲುವ ನಂಬಿಕೆ: ಮಿಖಾಯೆಲ್ ಫ್ರಾಂಕ್‌ನ ಸ್ತುತಿಗೀತೆಯ ರಚನೆ ಮತ್ತು ಅರ್ಥ

ಕ್ರೈಸ್ತ ಧರ್ಮಸುಧಾರಣೆಯ ತರುವಾಯ ಜರ್ಮನ್ ಭಾಷೆಯಲ್ಲಿ ಬೆಳೆದುಬಂದ ಸ್ತುತಿಗೀತೆಗಳನ್ನು ಧರ್ಮಚರಿತ್ರೆಯ ಮತ್ತು ಸಂಗೀತಚರಿತ್ರೆಯ ಅಧ್ಯಯನಕಾರರು ವಿಶೇಷ ಗಮನದಿಂದ ಪರಿಶೀಲಿಸಿದ್ದಾರೆ. ಮಾರ್ಟಿನ್ ಲೂಥರನ (೧೪೮೩–೧೫೪೬) ಗೀತೆಗಳು ೧೫೨೪ರಲ್ಲಿ ಸಂಕಲನಗಳಾಗಿ ಅಚ್ಚಾದಂದಿನಿಂದ ಆರಾಧನೆಯ ಹಾಡು ಪಾದ್ರಿವರ್ಗದ ಸೊತ್ತಾಗಿ ಉಳಿಯದೆ ಸಭಿಕರೆಲ್ಲರ ಬಾಯಿಗೆ ಬಂದಿತು. ಆದರೆ ಈ ಗೀತೆಗಳನ್ನು ಕಾವ್ಯವೆಂದು ಓದುವ ಪ್ರಯತ್ನ ಅಷ್ಟೇ ವ್ಯಾಪಕವಾಗಿ ನಡೆದಿಲ್ಲ. ಹಾಡಿನ ಮಟ್ಟು ಪ್ರಸಿದ್ಧವಾದಷ್ಟೂ ಮಾತು ಹಿಂದೆ ಸರಿಯುವುದು ಈ ಪ್ರಕಾರದ ಸಾಮಾನ್ಯ ಗತಿಯಾಗಿದೆ. ಮಿಖಾಯೆಲ್ ಫ್ರಾಂಕ್ (೧೬೦೯–೧೬೬೭) ರಚಿಸಿದ 'ಆಖ್ ವೀ ಫ್ಲ್ಯುಖ್ತಿಗ್, ಆಖ್ ವೀ ನಿಖ್ತಿಗ್' ಎಂಬ ಗೀತೆ ಈ ಮಾತಿಗೆ ಒಳ್ಳೆಯ ನಿದರ್ಶನ. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ (೧೬೮೫–೧೭೫೦) ಸಂಗೀತದ ಮೂಲಕ ಇದರ ಹೆಸರು ಲೋಕವಿಖ್ಯಾತವಾಗಿದೆ. ಅದರ ಹದಿಮೂರು ಪದ್ಯಗಳನ್ನು ಆದ್ಯಂತವಾಗಿ ಓದುವವರು ವಿರಳ.

ಬಾಳಿನ ಅಲ್ಪಕಾಲಿಕತೆಯೇ ಈ ಗೀತೆಯ ವಸ್ತು. ಆದ್ದರಿಂದ ಇದನ್ನು ಲೋಕನಿಂದೆಯ, ವಿಷಾದದ ಹಾಡೆಂದು ವರ್ಗೀಕರಿಸುವುದು ರೂಢಿ. ಕೊನೆಯ ಸಾಲಿನಲ್ಲಿ ಬರುವ ದೈವಭಕ್ತಿಯ ಮಾತನ್ನು ಹೊರಗಿನಿಂದ ಅಂಟಿಸಿದ ಉಪದೇಶವೆಂದು ಭಾವಿಸುವುದಕ್ಕೂ ಈ ವರ್ಗೀಕರಣ ಎಡೆಮಾಡಿಕೊಡುತ್ತದೆ. ಗೀತೆಯ ಕಟ್ಟಡವನ್ನು ಸೂಕ್ಷ್ಮವಾಗಿ ಪರಿಶೀಲಿಸಿದಾಗ ಈ ಎರಡೂ ಅಭಿಪ್ರಾಯಗಳು ನಿಲ್ಲುವುದಿಲ್ಲ. ಇದು ಲೋಕವನ್ನು ಹಳಿಯುವ ಕವಿತೆಯಲ್ಲ, ಲೋಕದಲ್ಲಿ ಕಂಡುದನ್ನು ಒಂದೊಂದಾಗಿ ಎಣಿಸುವ ಕವಿತೆ. ಅದರ ಕೊನೆಯ ಸಾಲು ಮೊದಲ ಪದ್ಯದಿಂದಲೇ ಸಿದ್ಧವಾಗುತ್ತ ಬಂದಿದೆ.

೧

ಫ್ರಾಂಕ್ ಹುಟ್ಟಿದ್ದು ೧೬೦೯ರ ಮಾರ್ಚ್ ೧೬ರಂದು, ಥುರಿಂಗಿಯಾ ಪ್ರಾಂತದ ಶ್ಲೋಯ್ಸಿಂಗನ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ತಂದೆಯ ಮರಣಾನಂತರ ಹಣದ ಅಡಚಣೆಯಿಂದ ಓದು ನಿಂತು, ಬಾಲಕ ರೊಟ್ಟಿ ಸುಡುವ ಕಸುಬನ್ನು ಕಲಿಯಬೇಕಾಯಿತು. ೧೬೨೮ರಲ್ಲಿ ಅವನು ಹುಟ್ಟೂರಿನಲ್ಲಿ ಆ ಕಸುಬಿನ ಯಜಮಾನನೆಂಬ ಮನ್ನಣೆ ಪಡೆದನು. ಅವನ ಅಣ್ಣ ಸೆಬಾಸ್ಟಿಯನ್ ಮತ್ತು ತಮ್ಮ ಪೀಟರ್ ಇಬ್ಬರೂ ಓದಿ ಸಭಾಪಾಲಕರಾದರು, ಇಬ್ಬರೂ ಸ್ತುತಿಗೀತೆಗಳನ್ನು ಬರೆದರು. ಮೂವರಲ್ಲಿ ವಿದ್ಯೆಯ ದಾರಿ ತಪ್ಪಿದವನು ಮಿಖಾಯೆಲ್ ಒಬ್ಬನೇ.

೧೬೧೮ರಿಂದ ೧೬೪೮ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಮಧ್ಯ ಜರ್ಮನಿಯ ಪಟ್ಟಣಗಳು ಮತ್ತೆ ಮತ್ತೆ ಸೈನ್ಯಗಳ ಕಾಲ್ತುಳಿತಕ್ಕೆ ಸಿಕ್ಕವು. ಸೈನ್ಯದ ಹಿಂದೆಯೇ ಲೂಟಿ, ಬರ ಮತ್ತು ಪ್ಲೇಗು ಬರುತ್ತಿದ್ದವು. ಯುದ್ಧದ ಬವಣೆಯಲ್ಲಿ ಫ್ರಾಂಕ್ ಸರ್ವಸ್ವವನ್ನೂ ಕಳೆದುಕೊಂಡು ೧೬೪೦ರಲ್ಲಿ ಬರಿಗೈಯಲ್ಲಿ ಕೋಬರ್ಗ್‌ಗೆ ಓಡಿಬಂದನು. ೧೫೩೦ರಲ್ಲಿ ಔಗ್ಸ್‌ಬರ್ಗ್ ಸಭೆ ನಡೆಯುತ್ತಿದ್ದಾಗ ಲೂಥರನು ತಿಂಗಳುಗಟ್ಟಲೆ ತಂಗಿದ್ದ ಕೋಟೆಯಿರುವ ಊರು ಅದು. ೧೬೪೪ರಲ್ಲಿ ಅಲ್ಲಿಯ ಪಟ್ಟಣಶಾಲೆಯ ಕೆಳತರಗತಿಗಳಿಗೆ ಅವನು ಉಪಾಧ್ಯಾಯನಾಗಿ ನೇಮಕಗೊಂಡನು. ಯುದ್ಧ ಮುಗಿದ ನಾಲ್ಕು ವರ್ಷಗಳ ಮೇಲೆ, ೧೬೫೨ರಲ್ಲಿ, ಲೋಕದ ವ್ಯರ್ಥತೆ, ಹುಸಿತನ ಮತ್ತು ಅಸ್ಥಿರತೆಗಳನ್ನು ಕುರಿತ ಅವನ ಕೃತಿ ಕೋಬರ್ಗ್‌ನಲ್ಲಿ ಅಚ್ಚಾಯಿತು. ಈ ಗೀತೆಯೂ ಅದರ ಮಟ್ಟೂ ಬೆಳಕಿಗೆ ಬಂದದ್ದು ಆ ಕೃತಿಯ ಮೂಲಕ. ಮಾತು ಮಟ್ಟು ಎರಡೂ ಫ್ರಾಂಕ್‌ನವೇ. ೧೬೫೯ರಲ್ಲಿ ಕವಿ ಯೋಹಾನ್ ರಿಸ್ಟ್ ಅವನಿಗೆ ಕವಿಕಿರೀಟ ತೊಡಿಸಿದನು. ೧೬೬೭ರ ಸೆಪ್ಟೆಂಬರ್ ೨೪ರಂದು ಫ್ರಾಂಕ್ ತೀರಿಕೊಂಡನು.

ಇಂತಹ ಜೀವನವೃತ್ತಾಂತ ದೊರೆತಾಗ ಕವಿತೆಯನ್ನು ಅದರ ಪಡಿಯಚ್ಚೆಂದು ಓದುವ ಆಸೆ ವಿಮರ್ಶಕರಿಗೆ ಸಹಜ. ಆದರೆ ಗೀತೆಯಲ್ಲಿ 'ನಾನು' ಎಂಬ ಮಾತೇ ಇಲ್ಲ. ಸುಟ್ಟ ಊರಿನ ಹೆಸರಿಲ್ಲ, ಕಳೆದುಹೋದ ಒಲೆಯ ನೆನಪಿಲ್ಲ, ಶತ್ರುವಿನ ಮೇಲೆ ಶಾಪವಿಲ್ಲ. ಯುದ್ಧದ ನೇರ ಸೂಚನೆ ಮೂರನೆಯ ಪದ್ಯದಲ್ಲಿ ಒಮ್ಮೆ ಮಾತ್ರ ಇದೆ. ಸಂತೋಷದ ಚಂಚಲತೆಯನ್ನು ಹೇಳುತ್ತ ಕವಿ ಬೆಳಕು-ಕತ್ತಲೆಗಳ ಜೊತೆಯಲ್ಲಿ ಶಾಂತಿ-ಕಲಹಗಳನ್ನೂ ಹೆಸರಿಸಿ ಮುಂದೆ ನಡೆಯುತ್ತಾನೆ. ಮೂವತ್ತು ವರ್ಷಗಳ ಅನುಭವಕ್ಕೆ ಎರಡು ಪದಗಳಷ್ಟು ಸ್ಥಳ. ಈ ಸಂಯಮವೇ ಗೀತೆಯನ್ನು ಒಬ್ಬನ ಅಳಲಿನಿಂದ ಬಿಡಿಸಿ ಇಡೀ ಸಭೆ ಹಾಡಬಹುದಾದ ಮಾತನ್ನಾಗಿ ಮಾಡಿದೆ.

೨

ಗೀತೆಯ ಹೊರರೂಪ ಸರಳವಾಗಿದೆ. ಪ್ರತಿ ಪದ್ಯವೂ ಎರಡು ವಿಶೇಷಣಗಳ ಉದ್ಗಾರದಿಂದ ಆರಂಭವಾಗುತ್ತದೆ. ಅದರ ಬೆನ್ನಿಗೆ ಮನುಷ್ಯರದೆನ್ನಿಸಿಕೊಳ್ಳುವ ಯಾವುದಾದರೊಂದನ್ನು ಹೆಸರಿಸುವ ಕಿರುಸಾಲು ಬರುತ್ತದೆ. ಅನಂತರ ಒಂದೇ ಅಂತ್ಯಪ್ರಾಸದಿಂದ ಬಿಗಿದ ಮೂರು ಸಾಲುಗಳು. ಹೆಸರಿಸಲ್ಪಡುವ ವಸ್ತುಗಳ ಅನುಕ್ರಮ ಹೀಗಿದೆ: ಬಾಳು, ದಿನಗಳು, ಸಂತೋಷ, ಚೆಲುವು, ಬಲ, ಅದೃಷ್ಟ, ಮಾನ, ಅರಿವು, ಕವಿತೆ, ಸಂಪತ್ತು, ಆಳ್ವಿಕೆ, ವೈಭವ, ಕೊನೆಗೆ ಮನುಷ್ಯರ ವ್ಯವಹಾರಗಳೆಲ್ಲವೂ. ಹದಿಮೂರು ಪದ್ಯಗಳಲ್ಲಿಯೂ ವಸ್ತುವನ್ನು ಹೆಸರಿಸುವ ಕಿರುಸಾಲಿಗೆ ಪ್ರಾಸದ ಜೊತೆಗಾರ ಸಾಲು ಇಲ್ಲ ಎಂಬುದು ಗಮನಾರ್ಹ. ಬಾಳಾಗಲಿ ಬಲವಾಗಲಿ ಸಂಪತ್ತಾಗಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ಕರಗಿಸುವ ಮೂರು ಸಾಲುಗಳು ಮಾತ್ರ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿವೆ.

ಉದ್ಗಾರದ ಎರಡು ವಿಶೇಷಣಗಳು ಸ್ಥಾನ ಬದಲಿಸುತ್ತ ಸಾಗುತ್ತವೆ. ಬೆಸ ಸಂಖ್ಯೆಯ ಪದ್ಯಗಳಲ್ಲಿ 'ಫ್ಲ್ಯುಖ್ತಿಗ್' ಮೊದಲು, ಸಮ ಸಂಖ್ಯೆಯ ಪದ್ಯಗಳಲ್ಲಿ 'ನಿಖ್ತಿಗ್' ಮೊದಲು. ಮೇಲುನೋಟಕ್ಕೆ ಇದು ಬೇಸರ ತಪ್ಪಿಸುವ ಉಪಾಯವೆಂದು ತೋರಬಹುದು. ಆದರೆ ಎರಡು ಪದಗಳ ಅರ್ಥ ಒಂದೇ ಅಲ್ಲ. 'ಫ್ಲ್ಯುಖ್ತಿಗ್' ಎಂಬುದು ಪಲಾಯನ ಎಂಬ ಅರ್ಥದ 'ಫ್ಲುಖ್ತ್' ಪದದ ಬಳಗಕ್ಕೆ ಸೇರಿದ್ದು. ಬೇಗ ಕಳೆದುಹೋಗುವುದಕ್ಕೂ ತಲೆತಪ್ಪಿಸಿಕೊಂಡು ಓಡುತ್ತಿರುವವನಿಗೂ ಜರ್ಮನ್ ಭಾಷೆ ಇದೇ ಪದವನ್ನು ಬಳಸುತ್ತದೆ. 'ನಿಖ್ತಿಗ್' ಎಂಬುದು 'ಇಲ್ಲ' ಎಂಬುದರಿಂದ ಹುಟ್ಟಿದ ಪದ. ಹುರುಳಿಲ್ಲದ್ದು, ಅಸಿಂಧುವಾದದ್ದು ಎಂದು ಅದರ ಅರ್ಥ. ಮೊದಲನೆಯದು ಕಾಲಕ್ಕೆ ಸಂಬಂಧಿಸಿದ ಮಾತು, ಎರಡನೆಯದು ಮೌಲ್ಯಕ್ಕೆ ಸಂಬಂಧಿಸಿದ ಮಾತು. ಓಡಿಹೋಗುವುದರಿಂದ ಹುರುಳಿಲ್ಲದ್ದೇ, ಹುರುಳಿಲ್ಲದ್ದರಿಂದ ಓಡಿಹೋಗುತ್ತದೆಯೇ ಎಂಬ ಪ್ರಶ್ನೆ ಪದಗಳ ಸ್ಥಾನಪಲ್ಲಟದಲ್ಲಿಯೇ ಅಡಗಿದೆ. ಕವಿ ಅದಕ್ಕೆ ಉತ್ತರ ಕೊಡುವುದಿಲ್ಲ. ಪದ್ಯದಿಂದ ಪದ್ಯಕ್ಕೆ ಅದನ್ನು ತಿರುವಿಹಾಕುತ್ತಾನೆ. ಊರು ಬಿಟ್ಟು ಓಡಿಬಂದವನೊಬ್ಬನು ಮನುಷ್ಯನ ಆಯುಸ್ಸಿಗೆ ಪಲಾಯನದ ಬಳಗದ ಪದವನ್ನು ಆರಿಸಿಕೊಂಡಿದ್ದಾನೆ ಎಂಬಲ್ಲಿಗೆ ಜೀವನವೃತ್ತಾಂತದ ಉಪಯೋಗ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಕವಿತೆ ನೀಡುವುದಿಲ್ಲ.

೩

ಅಲಂಕಾರದ ದೃಷ್ಟಿಯಿಂದ ಗೀತೆಯಲ್ಲಿ ಒಂದು ಸ್ಪಷ್ಟವಾದ ಚಲನೆಯನ್ನು ಗುರುತಿಸಬಹುದು. ಮೊದಲ ನಾಲ್ಕು ಪದ್ಯಗಳ ಹೋಲಿಕೆಗಳು ಪ್ರಕೃತಿಯಿಂದ ಮತ್ತು ಕಾಲದ ಗತಿಯಿಂದ ಆಯ್ದವು: ಎದ್ದು ಕರಗುವ ಮಂಜು, ತಡೆಯಿಲ್ಲದೆ ಹರಿಯುವ ಹೊಳೆ, ಹೊತ್ತುಗಳ ಬದಲಾವಣೆ, ಒರಟು ಗಾಳಿಗೆ ಬಾಡುವ ಹೂವು. ಇವು ಹೊಸವಲ್ಲ. ಬಾಳನ್ನು ಹಬೆಗೆ ಹೋಲಿಸುವ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯವೂ, ಹುಲ್ಲು ಹೂಗಳ ಮಾತನ್ನಾಡುವ ಯೆಶಾಯನ ನಲವತ್ತನೆಯ ಅಧ್ಯಾಯವೂ ಆ ಕಾಲದ ಸಭಿಕರಿಗೆ ಬಾಯಿಪಾಠವಾಗಿದ್ದಂಥವು. ಇಲ್ಲಿಯವರೆಗೆ ಫ್ರಾಂಕ್ ಸಿದ್ಧಸಾಮಗ್ರಿಯನ್ನೇ ಬಳಸಿದ್ದಾನೆ.

ಐದನೆಯ ಪದ್ಯದಲ್ಲಿ ಉಪಮೆ ಹಿಂದೆ ಸರಿದು ದೃಷ್ಟಾಂತ ಮುಂದೆ ಬರುತ್ತದೆ. ಸಿಂಹದಂತೆ ಮೆರೆದು ದೈತ್ಯರೊಡನೆ ಸೆಣಸಿದ ಬಲಶಾಲಿಯೊಬ್ಬನನ್ನು ಒಂದು ಸಣ್ಣ ಗಂಟು ನೆಲಕ್ಕೆ ಕೆಡಹುತ್ತದೆ. ಇಲ್ಲಿ ಬಳಕೆಯಾಗಿರುವ 'ಡ್ರ್ಯೂಸೆ' ಎಂಬ ಪದವು ಮೈಯಲ್ಲೇಳುವ ಬಾವನ್ನು, ಅದರಲ್ಲಿಯೂ ಪ್ಲೇಗಿನ ಗಡ್ಡೆಯನ್ನು ಹದಿನೇಳನೆಯ ಶತಮಾನದ ಕೇಳುಗರಿಗೆ ಸೂಚಿಸುತ್ತಿತ್ತು. ಮಂಜು, ಹೂವುಗಳ ಸಾಲಿನಲ್ಲಿ ಒಮ್ಮೆಲೇ ಎದುರಾಗುವ ಈ ಗಡ್ಡೆ ಗೀತೆಯ ಅತ್ಯಂತ ಒರಟಾದ ಮತ್ತು ಅತ್ಯಂತ ನಿಖರವಾದ ಚಿತ್ರ. ಕೇಳುಗರಲ್ಲಿ ಹಲವರು ಅದನ್ನು ತಮ್ಮ ಮನೆಗಳಲ್ಲಿಯೇ ಕಂಡಿದ್ದವರು.

ಆರನೆಯ ಪದ್ಯದ ಉರುಳುವ ಚೆಂಡಿನಲ್ಲಿ ಉಪಮೆ ಮತ್ತೊಮ್ಮೆ ಮರಳಿ ಬಂದು, ಅನಂತರ ದೃಷ್ಟಾಂತಗಳೇ ಮೇಲುಗೈ ಪಡೆಯುತ್ತವೆ. ಮಾನವನ್ನು ಕುರಿತ ಏಳನೆಯ ಪದ್ಯದಲ್ಲಿ ಇಂದು ಯಾರ ಕೈಗೆ ವಿನಯದಿಂದ ಮುತ್ತಿಡಬೇಕಾಗಿತ್ತೋ ನಾಳೆ ಅವನ ಮೇಲೆಯೇ ಕಾಲಿಟ್ಟು ನಡೆಯಲಾಗುತ್ತದೆ. ಇಲ್ಲಿ 'ಬೇಕಾಗಿತ್ತು' ಎಂಬ ಕ್ರಿಯಾಪದ ಮುಖ್ಯವಾದದ್ದು. ಆ ವಿನಯ ಬಲವಂತದ್ದೆಂದು ಹೇಳುವುದರ ಮೂಲಕ, ಬಿದ್ದವನನ್ನು ತುಳಿಯುವವರ ಮನಸ್ಸನ್ನೂ ಕವಿ ತೆರೆದಿಡುತ್ತಾನೆ. ಸಂಪತ್ತಿನ ಪದ್ಯದಲ್ಲಿ ಬೆಂಕಿ ಮತ್ತು ನೆರೆ ಎಲ್ಲವನ್ನೂ ಹಾಳುಗೆಡವುತ್ತವೆ. ವೈಭವದ ಪದ್ಯದಲ್ಲಿ ಕೆನ್ನೇರಿಳೆ ವಸ್ತ್ರ ತೊಟ್ಟು ದೇವರಂತೆ ಕುಳಿತವನು ಸಾವಿನಲ್ಲಿ ಮರೆತುಹೋಗುತ್ತಾನೆ. ಇದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಹೆರೋದನ ಅಂತ್ಯವನ್ನು ನೆನಪಿಗೆ ತರುತ್ತದೆ.

ಎಂಟು ಮತ್ತು ಒಂಬತ್ತನೆಯ ಪದ್ಯಗಳು ವಿಶೇಷ ಪರಿಶೀಲನೆಗೆ ಅರ್ಹವಾದವು. ಅರಿವಿನ ಪದ್ಯದಲ್ಲಿ ಸೊಗಸಾಗಿ ಮಾತನಾಡಬಲ್ಲ, ತರ್ಕಿಸಬಲ್ಲ ವಿದ್ವಾಂಸನು ತನ್ನ ಬುದ್ಧಿಯನ್ನೇ ಕಳೆದುಕೊಳ್ಳುತ್ತಾನೆ. ಕವಿತೆಯ ಪದ್ಯದಲ್ಲಿ ಕಲೆಗಳನ್ನು ಪ್ರೀತಿಸಿ ಹಲವು ಸುಂದರ ಕೃತಿಗಳನ್ನು ಕಲ್ಪಿಸಿದವನನ್ನೂ ಸಾವು ಬೆನ್ನಟ್ಟಿ ಹಿಡಿಯುತ್ತದೆ. ಲೋಕದ ವ್ಯರ್ಥತೆಯನ್ನು ಹೇಳುವ ಕವಿಗಳು ಸಾಮಾನ್ಯವಾಗಿ ತಮ್ಮ ಕಾವ್ಯವನ್ನು ಆ ಪಟ್ಟಿಯಿಂದ ಹೊರಗಿಡುತ್ತಾರೆ, ಇಲ್ಲವೇ ಅದಕ್ಕೆ ಅಮರತ್ವವನ್ನು ಕೋರುತ್ತಾರೆ. ಫ್ರಾಂಕ್ ತನ್ನ ಕಸುಬಿಗೆ ವಿನಾಯಿತಿ ಕೊಟ್ಟಿಲ್ಲ. ಹಾಗೆಂದು ಕೃತಿಗಳನ್ನು ಕೀಳೆಂದೂ ಕರೆದಿಲ್ಲ. ಅವು ಸುಂದರವೆಂದು ಒಪ್ಪಿಕೊಂಡೇ ಅವುಗಳ ಕರ್ತೃ ಉಳಿಯುವುದಿಲ್ಲವೆನ್ನುತ್ತಾನೆ. ಚೆಲುವು, ಸಂತೋಷ, ಕಲೆ ಇವು ಇಲ್ಲಿ ಪಾಪದ ಬಲೆಗಳಲ್ಲ, ಮಿಥ್ಯೆಗಳೂ ಅಲ್ಲ. ಅವು ಇವೆ; ಇದ್ದು ಹೋಗುತ್ತವೆ.

ಅದೇ ಕಾಲದ ಆಂಡ್ರಿಯಾಸ್ ಗ್ರೂಫಿಯಸ್‌ನ (೧೬೧೬–೧೬೬೪) ಸಾನೆಟ್ಟುಗಳೊಡನೆ ಹೋಲಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ೧೬೩೭ರಲ್ಲಿ ಲಿಸ್ಸಾದಲ್ಲಿ ಅಚ್ಚಾದ ಅವನ ಸಂಗ್ರಹದಲ್ಲಿ ಎಲ್ಲವೂ ವ್ಯರ್ಥವೆಂಬ ವಸ್ತುವಿನ ಪ್ರಸಿದ್ಧ ಸಾನೆಟ್ ಇದೆ. ಅದು ನಗರವನ್ನು ಹುಲ್ಲುಗಾವಲಿನ ಎದುರಿಗಿಟ್ಟು, ದೀರ್ಘಸಾಲುಗಳ ವಿರೋಧಗಳಲ್ಲಿ ಬೆಳೆದು, ಶಾಶ್ವತವಾದುದನ್ನು ಯಾರೂ ನೋಡಬಯಸುವುದಿಲ್ಲವೆಂಬ ದೂರಿನಲ್ಲಿ ಮುಗಿಯುತ್ತದೆ. ಗ್ರೂಫಿಯಸ್ ವಿದ್ವತ್ಕವಿ, ಅವನ ಸಾನೆಟ್ ಒಬ್ಬನೇ ಕುಳಿತು ಓದುವ ರಚನೆ. ಫ್ರಾಂಕ್‌ನದು ಬಹುಜನ ಒಟ್ಟಿಗೆ ಹಾಡುವ, ಗಿಡ್ಡಸಾಲುಗಳ ರಚನೆ. ಸಭೆಯ ಮೇಲೆ ಅದು ದೂರು ಹೊರಿಸುವಂತಿಲ್ಲ, ಏಕೆಂದರೆ ಹಾಡುತ್ತಿರುವವರೇ ಆ ಸಭಿಕರು. ಅದಕ್ಕೆ ಬದಲಾಗಿ ಒಂದು, ನಾಲ್ಕು ಮತ್ತು ಆರನೆಯ ಪದ್ಯಗಳ ಕೊನೆಯಲ್ಲಿ ಅದು 'ನೋಡಿರಿ' ಎಂದಷ್ಟೇ ಹೇಳುತ್ತದೆ.

೪

ಕೊನೆಯ ಪದ್ಯದ ಸಮಸ್ಯೆಗೆ ಈಗ ಬರಬಹುದು. ಉದ್ಗಾರವನ್ನು ಒಂದೇ ಸಾಲೆಂದು ಎಣಿಸಿದರೆ ಗೀತೆಯಲ್ಲಿ ಒಟ್ಟು ೬೫ ಸಾಲುಗಳಿವೆ. ಅವುಗಳಲ್ಲಿ ೬೪ ಸಾಲುಗಳು ಅಳಿಯುವುದನ್ನು ಹೇಳುತ್ತವೆ. ದೇವರಲ್ಲಿ ಭಯಭಕ್ತಿಯುಳ್ಳವನು ಎಂದೆಂದಿಗೂ ನಿಂತಿರುತ್ತಾನೆಂಬ ಭರವಸೆಗೆ ಒಂದೇ ಸಾಲು. ಕ್ರಿಸ್ತನ ಹೆಸರಾಗಲಿ ಸ್ವರ್ಗದ ವರ್ಣನೆಯಾಗಲಿ ಎಲ್ಲಿಯೂ ಇಲ್ಲ. ಸಾಂತ್ವನ ನೀಡುವುದೇ ಸ್ತುತಿಗೀತೆಯ ಕರ್ತವ್ಯವೆಂದು ತಿಳಿದವರಿಗೆ ಈ ಪ್ರಮಾಣ ವಿಚಿತ್ರವಾಗಿ ತೋರುತ್ತದೆ. ಅದೊಂದು ಕಡ್ಡಾಯದ ಮುಕ್ತಾಯವೆಂಬ ಸಂಶಯಕ್ಕೂ ಇದೇ ಕಾರಣ.

ಪ್ರಾಸಗಳನ್ನು ಪರಿಶೀಲಿಸಿದರೆ ಈ ಸಂಶಯ ಪರಿಹಾರವಾಗುತ್ತದೆ. ಗೀತೆಯ ಕೊನೆಯ ಪದ 'ಶ್ಟೇಹೆನ್', ಅಂದರೆ ನಿಲ್ಲುವುದು. ಅದರೊಡನೆ ಪ್ರಾಸಗೊಳ್ಳುವ ಪದಗಳು ನೋಡುವುದು ಎಂಬ ಅರ್ಥದ 'ಜೇಹೆನ್', ಅಳಿದುಹೋಗುವುದು ಎಂಬ ಅರ್ಥದ 'ಫೆರ್‌ಗೇಹೆನ್'. ಇದೇ ಪ್ರಾಸದ ಬಳಗ ಮೊದಲನೆಯ ಪದ್ಯದಲ್ಲಿಯೇ ಬಂದಿದೆ. ಅಲ್ಲಿ ಮಂಜು ಹುಟ್ಟುತ್ತದೆ ಎನ್ನಲು ಕವಿ ಬಳಸಿದ ಪದ 'ಎಂಟ್‌ಶ್ಟೇಹೆನ್'; ಅದರ ಒಡಲಲ್ಲಿ 'ನಿಲ್ಲು' ಎಂಬ ಧಾತುವೇ ಇದೆ. ಆದರೆ ಅಲ್ಲಿ ಅದು ಹುಟ್ಟುವ ಕ್ಷಣ ಮಾತ್ರ, ಮುಂದಿನ ಸಾಲಿನಲ್ಲಿ ಅಳಿವು ಕಾದಿದೆ. ನಾಲ್ಕನೆಯ ಪದ್ಯದಲ್ಲಿ ಹೂವು ಅಳಿಯುವುದೂ ಇದೇ ಪ್ರಾಸದಲ್ಲಿ. ಆರನೆಯ ಪದ್ಯದಲ್ಲಿ ಅದೃಷ್ಟದ ಚೆಂಡು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ 'ನಿಲ್ಲುತ್ತದೆ'. ನಿಲ್ಲುವುದೆಂದರೆ ಉರುಳುವುದರ ನಡುವಣ ಒಂದು ಗಳಿಗೆ ಎಂಬ ವ್ಯಂಗ್ಯ ಅಲ್ಲಿದೆ. ಹತ್ತನೆಯ ಪದ್ಯದಲ್ಲಿ ಬೆಂಕಿ ಮತ್ತು ನೆರೆ 'ಹುಟ್ಟುತ್ತವೆ'. ಹೀಗೆ 'ನಿಲ್ಲು' ಎಂಬ ಧಾತು ಮಂಜಿನಲ್ಲಿ, ಚೆಂಡಿನಲ್ಲಿ, ಬೆಂಕಿಯಲ್ಲಿ ಸುಳ್ಳಾಗುತ್ತ ಬಂದು, ಕೊನೆಯ ಪದ್ಯದಲ್ಲಿ ಮೊದಲ ಬಾರಿಗೆ ತನ್ನ ಪೂರ್ಣ ಅರ್ಥವನ್ನು ಪಡೆಯುತ್ತದೆ. ಹನ್ನೆರಡು ಪದ್ಯಗಳ ಎಣಿಕೆ ಇಲ್ಲದಿದ್ದರೆ ಆ ಒಂದು ಸಾಲಿಗೆ ಈ ತೂಕ ಬರುತ್ತಿರಲಿಲ್ಲ. ಭರವಸೆಯ ಅಲ್ಪಪ್ರಮಾಣ ಕವಿಯ ನಿರ್ಲಕ್ಷ್ಯವಲ್ಲ. ಬಹಳಷ್ಟನ್ನು ಕಳೆದುಕೊಂಡವರ ಮುಂದೆ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳುವ ಪ್ರಾಮಾಣಿಕತೆ ಅದರಲ್ಲಿದೆ.

೫

ಗೀತೆಯ ಮುಂದಿನ ಚರಿತ್ರೆ ಅದರ ಸಂಕ್ಷೇಪಗಳ ಚರಿತ್ರೆಯೂ ಹೌದು. ಫ್ರಾಂಕ್‌ನ ಮಟ್ಟನ್ನು ಬರ್ಲಿನ್ನಿನ ಸಂಗೀತಗಾರ ಯೋಹಾನ್ ಕ್ರ್ಯೂಗರ್ (೧೫೯೮–೧೬೬೨) ೧೬೬೧ರಲ್ಲಿ ತಿದ್ದಿ ರೂಪಿಸಿದನು, ಪ್ರಚಾರಕ್ಕೆ ಬಂದದ್ದು ಆ ರೂಪ. ಬಾಖ್‌ನು ಇದನ್ನು ಆಧರಿಸಿ ರಚಿಸಿದ ಕ್ಯಾಂಟಾಟಾ (ಬಾಖ್ ಕೃತಿಸೂಚಿ ೨೬) ೧೭೨೪ರ ನವೆಂಬರ್ ೧೯ರಂದು ಲೈಪ್ಜಿಗ್‌ನಲ್ಲಿ ಪ್ರಸ್ತುತವಾಯಿತು. ಅದರಲ್ಲಿ ಮೊದಲ ಮತ್ತು ಕೊನೆಯ ಪದ್ಯಗಳು ಮಾತ್ರ ಯಥಾವತ್ತಾಗಿ ಉಳಿದಿವೆ. ನಡುವಣ ಹನ್ನೊಂದು ಪದ್ಯಗಳ ಭಾವವನ್ನು ಹೆಸರು ತಿಳಿಯದ ಸಾಹಿತ್ಯಕರ್ತನೊಬ್ಬನು ಎರಡು ಏರಿಯಾ ಮತ್ತು ಎರಡು ರೆಸಿಟೆಟಿವ್‌ಗಳಿಗೆ ಅಳವಡಿಸಿದ್ದಾನೆ. ಆರಂಭದ ವೃಂದಗಾನದಲ್ಲಿ ಮೇಲಿನ ಕಂಠ ಮಟ್ಟನ್ನು ನಿಧಾನವಾಗಿ ಹಿಡಿದು ನಡೆಸಿದರೆ, ವಾದ್ಯಗಳು ಏರಿಳಿಯುವ ಸ್ವರಸಾಲುಗಳಲ್ಲಿ ಓಡಾಡುತ್ತವೆ. ಓಡುವುದು ಮತ್ತು ನಿಲ್ಲುವುದು ಇಲ್ಲಿ ಏಕಕಾಲದಲ್ಲಿ ಕಿವಿಗೆ ಬೀಳುತ್ತವೆ. ಕವಿ ಕೊನೆಯ ಸಾಲಿಗಾಗಿ ಕಾಯ್ದಿರಿಸಿದ್ದನ್ನು ಸಂಗೀತಗಾರ ಮೊದಲಲ್ಲಿಯೇ ಕೇಳಿಸಿದ್ದಾನೆ. 'ಓರ್ಗೆಲ್‌ಬ್ಯೂಖ್‌ಲೈನ್' ಎಂಬ ಆರ್ಗನ್ ಸಂಗ್ರಹದ ಕೊನೆಯ ರಚನೆಗೂ ಬಾಖ್ ಇದೇ ಮಟ್ಟನ್ನು ಆರಿಸಿಕೊಂಡಿದ್ದಾನೆ.

ಆ ಭಾನುವಾರಕ್ಕೆ ನಿಗದಿಯಾಗಿದ್ದ ಸುವಾರ್ತಾ ಪಾಠ ಮತ್ತಾಯನ ಒಂಬತ್ತನೆಯ ಅಧ್ಯಾಯದ್ದು, ಸತ್ತ ಬಾಲಕಿಯನ್ನು ಯೇಸು ಕೈಹಿಡಿದು ಎಬ್ಬಿಸುವ ಪ್ರಸಂಗ. ಲೂಥರನ ಅನುವಾದದಲ್ಲಿ ಆಕೆ ಎದ್ದಳು ಎಂಬುದಕ್ಕೆ ಬಂದಿರುವುದು 'ನಿಲ್ಲು' ಧಾತುವಿನ ಕ್ರಿಯಾಪದವೇ. ಆ ಪಾಠವನ್ನು ಕೇಳಿದ ಸಭೆಗೆ ಗೀತೆಯ ಕೊನೆಯ ಪದ ಹೊಸದೊಂದು ಪ್ರತಿಧ್ವನಿಯೊಡನೆ ಕೇಳಿಸುವುದು ಸಾಧ್ಯವಾಯಿತು.

೧೯೯೦ರ ದಶಕದಲ್ಲಿ ಬಳಕೆಗೆ ಬಂದ ಜರ್ಮನ್ ಪ್ರಾಟೆಸ್ಟಂಟ್ ಸಭೆಗಳ ಗೀತಪುಸ್ತಕದಲ್ಲಿ ಈ ಗೀತೆ ೫೨೮ನೆಯದಾಗಿದ್ದು ಎಂಟು ಪದ್ಯಗಳನ್ನು ಮಾತ್ರ ಉಳಿಸಿಕೊಂಡಿದೆ. ಬಿಟ್ಟುಹೋದವುಗಳಲ್ಲಿ ಬಲ, ಮಾನ, ಅರಿವು ಮತ್ತು ಕವಿತೆಯ ಪದ್ಯಗಳಿವೆ. ಆರಾಧನೆಯ ಕಾಲಮಿತಿ ಇಂತಹ ಆಯ್ಕೆಯನ್ನು ಅನಿವಾರ್ಯಗೊಳಿಸುತ್ತದೆ, ನಿಜ. ಆದರೆ ಇದರಿಂದ ಪ್ಲೇಗಿನ ಗಡ್ಡೆ, ಬಲವಂತದ ಕೈಮುತ್ತು, ಮಾತು ಮರೆತ ವಿದ್ವಾಂಸ, ಕವಿ ತನ್ನನ್ನೇ ಸೇರಿಸಿಕೊಂಡ ಪದ್ಯ ಇವೆಲ್ಲವೂ ಹೊರಗುಳಿದು ಮಂಜು, ಹೊಳೆ, ಹೂವುಗಳು ಗೀತೆಯ ಮುಖ್ಯಧ್ವನಿಯಾಗುತ್ತವೆ. ಇದನ್ನು ಸೌಮ್ಯ ವಿಷಾದದ ಹಾಡೆಂದು ಕಾಣುವ ರೂಢಿಗೆ ಇಂತಹ ಸಂಕ್ಷೇಪವೂ ಪುಷ್ಟಿ ಕೊಡುತ್ತದೆ.

೬

ಜರ್ಮನ್ ಸ್ತುತಿಗೀತೆಗಳ ಪರಂಪರೆ ಕನ್ನಡಕ್ಕೆ ಪರಕೀಯವಲ್ಲ. ೧೮೩೪ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಷನ್ ಆ ಪರಂಪರೆಯ ಮಟ್ಟುಗಳನ್ನು ಕನ್ನಡದ ಮಾತುಗಳೊಡನೆ ಜೋಡಿಸಿತು. ಆ ಬಳಗದ ಹರ್ಮನ್ ಮೋಗ್ಲಿಂಗ್ ಅವರು (೧೮೧೧–೧೮೮೧) ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ ಅವರು (೧೮೩೨–೧೯೦೩) ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ೧೮೬೨ರಲ್ಲಿ ಪ್ರಕಟಿಸಿದರು. ಬಾಳಿನ ಅಸ್ಥಿರತೆಯನ್ನು ಹಾಡುವ ಎರಡು ಪರಂಪರೆಗಳು ಹೀಗೆ ಒಂದೇ ಬಳಗದ ಕೈಗಳಲ್ಲಿ ಸಂಧಿಸಿದ್ದವು.

ಆದುದರಿಂದ ಫ್ರಾಂಕ್‌ನ ಎರಡು ವಿಶೇಷಣಗಳಿಗೆ ಕನ್ನಡದಲ್ಲಿ ಸಮಾನಪದ ಹುಡುಕುವುದು ಬರಿಯ ನಿಘಂಟಿನ ಕೆಲಸವಾಗಲಾರದು. 'ಕ್ಷಣಿಕ' ಎಂದರೆ ಬೌದ್ಧದರ್ಶನದ ಕ್ಷಣಭಂಗವಾದ ಹಿಂಬಾಲಿಸುತ್ತದೆ. 'ಮಿಥ್ಯೆ' ಎಂದರೆ ಅದ್ವೈತದ ಚರ್ಚೆ ತೆರೆಯುತ್ತದೆ. 'ನಿಖ್ತಿಗ್' ಎಂಬುದನ್ನು 'ಶೂನ್ಯ' ಎಂದು ಅನುವಾದಿಸಿದರೆ, ಶರಣರ ಪರಿಭಾಷೆಯಲ್ಲಿ ಪರಿಪೂರ್ಣತೆಯನ್ನೇ ಸೂಚಿಸುವ ಪದವನ್ನು ತದ್ವಿರುದ್ಧ ಅರ್ಥಕ್ಕೆ ಎಳೆದಂತಾಗುತ್ತದೆ. ಫ್ರಾಂಕ್‌ನ ಗೀತೆ ವೈರಾಗ್ಯವನ್ನು ಬೋಧಿಸುವುದಿಲ್ಲ. ಮನೆ, ಕಸುಬು, ಕಲೆಗಳನ್ನು ತೊರೆಯಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಅವುಗಳ ಮೇಲೆ ಭಾರ ಹಾಕಿ ನಿಲ್ಲಲಾಗದೆಂಬುದಷ್ಟೇ ಅದರ ಎಚ್ಚರಿಕೆ. ಆ ಕಾರಣದಿಂದ ದಾರ್ಶನಿಕ ಪರಿಭಾಷೆಗಿಂತ 'ನಿಲ್ಲದ', 'ಹುರುಳಿಲ್ಲದ' ಎಂಬ ಆಡುಮಾತಿನ ಪದಗಳು ಮೂಲಕ್ಕೆ ಹೆಚ್ಚು ಸಮೀಪವಾಗಿವೆ. ಕನ್ನಡದ 'ನಿಲ್ಲು' ಧಾತುವಿಗೆ ತಂಗು, ಬಾಳಿಕೆ ಬರು, ಎದ್ದು ನಿಲ್ಲು ಎಂಬ ಅರ್ಥಗಳೆಲ್ಲವೂ ಇರುವುದರಿಂದ, ಜರ್ಮನ್ ಮೂಲದಲ್ಲಿ ಪ್ರಾಸದ ಮೂಲಕ ಬೆಳೆದು ಬರುವ ಅರ್ಥವನ್ನು ಅದು ಸಹಜವಾಗಿಯೇ ಹೊರಬಲ್ಲದು.

ಈ ಗೀತೆಯ ಅಧ್ಯಯನಕ್ಕೆ ಸಂಗೀತದ ಚರಿತ್ರೆಯೊಂದೇ ಸಾಲದು, ಕವಿಯ ಕಷ್ಟಗಳ ಕಥೆಯೂ ಸಾಲದು. ಹದಿಮೂರು ಪದ್ಯಗಳನ್ನು ಅವುಗಳ ಅನುಕ್ರಮದಲ್ಲಿಯೇ ಓದಿದಾಗ ಕಾಣುವುದು, ರೊಟ್ಟಿ ಸುಡುವವನಾಗಿದ್ದು ಶಾಲೆಯ ಉಪಾಧ್ಯಾಯನಾದ ಒಬ್ಬನು ತನ್ನ ಕಾಲದ ನಷ್ಟಗಳನ್ನು ಒಂದನ್ನೂ ಬಿಡದೆ, ಒಂದನ್ನೂ ಹಿಗ್ಗಿಸದೆ, ತನ್ನ ಕವಿತೆಯನ್ನೂ ಸೇರಿಸಿಕೊಂಡು ಲೆಕ್ಕಕ್ಕೆ ತಂದ ರೀತಿ. ಗೀತೆಯ ಮುಂದಿನ ಸಂಪಾದನೆಗಳೂ ಅನುವಾದಗಳೂ ಆ ಲೆಕ್ಕವನ್ನು ಪೂರ್ತಿಯಾಗಿ ಉಳಿಸಿಕೊಂಡರೆ ಮಾತ್ರ ಅದರ ಕೊನೆಯ ಸಾಲಿಗೆ ನ್ಯಾಯ ದೊರೆಯುತ್ತದೆ.